ಕನ್ನಡದಲ್ಲಿ ಮೇನ್ಸ್ ಪ್ರಬಂಧ: ಒಂದು ಪ್ಯಾರಾ ನೆಟ್ಟಗೆ ಬರೆಯಲು ಕಲಿತ ಕಥೆ

ಯುಪಿಎಸ್‌ಸಿ ಮೇನ್ಸ್, ಅಂದರೆ ಐಎಎಸ್ ಥರದ ಹುದ್ದೆಗಳ ಪರೀಕ್ಷೆಯ ಎರಡನೇ ಹಂತದ ಲಿಖಿತ ಪರೀಕ್ಷೆ, ಬರೆದು ಮುಗಿಸಿದ್ದೇನೆ. ಕನ್ನಡ ಮಾಧ್ಯಮ, ಬೆಂಗಳೂರು ಕೇಂದ್ರ. ಫಲಿತಾಂಶ ಇನ್ನೂ ಬಂದಿಲ್ಲ. ಬಂದ ಮೇಲೆ ಬರೆಯೋಣ ಅಂದುಕೊಂಡರೆ ಅಷ್ಟರಲ್ಲಿ ಅರ್ಧ ಮರೆತಿರುತ್ತೇನೆ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆಯುವವರು ಕಡಿಮೆ. ಅವರಿಗೆ ದಾರಿ ಹೇಳುವವರು ಇನ್ನೂ ಕಡಿಮೆ. ಯಾವ ಪುಸ್ತಕ ಓದಬೇಕು, ಯಾವ ನೋಟ್ಸ್ ಕೊಳ್ಳಬೇಕು ಅಂತ ಎಲ್ಲರೂ ಹೇಳುತ್ತಾರೆ. ಗೊತ್ತಿರುವ ವಿಷಯವನ್ನು ಒಂದು ಪ್ಯಾರಾದಲ್ಲಿ, ಉದಾಹರಣೆ ಸಮೇತ, ಓದುವವರಿಗೆ ತಕ್ಷಣ ಹಿಡಿಯುವ ಹಾಗೆ ಬರೆಯುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ. ನನ್ನ ತಯಾರಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಅದೇ.

ಗೊತ್ತಿಲ್ಲದವರಿಗೆ ಪರೀಕ್ಷೆಯ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಪ್ರಬಂಧ ಪತ್ರಿಕೆಗೆ 250 ಅಂಕ, ಮೂರು ಗಂಟೆ. ಎರಡು ವಿಭಾಗ ಇರುತ್ತವೆ. ಒಂದೊಂದರಿಂದ ಒಂದೊಂದು ವಿಷಯ ಆರಿಸಿಕೊಂಡು ಎರಡು ಪ್ರಬಂಧ ಬರೆಯಬೇಕು. ಒಂದೊಂದಕ್ಕೆ 125 ಅಂಕ, 1000ದಿಂದ 1200 ಪದ. ಪಠ್ಯಕ್ರಮದಲ್ಲಿ ಈ ಪತ್ರಿಕೆಯ ಬಗ್ಗೆ ಇರುವುದು ಕೆಲವೇ ಸಾಲು: ವಿಷಯ ಬಿಟ್ಟು ಆಚೆ ಹೋಗಬಾರದು, ವಿಚಾರಗಳನ್ನು ಕ್ರಮವಾಗಿ ಜೋಡಿಸಬೇಕು, ಚುಟುಕಾಗಿ ಬರೆಯಬೇಕು, ಪರಿಣಾಮಕಾರಿಯಾದ ನಿಖರ ಮಾತಿಗೆ ಅಂಕ ಉಂಟು. ನಾನು ಇದನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಂಡಿದ್ದೆ. ಎಷ್ಟು ವಿಷಯ ಗೊತ್ತು ಅನ್ನುವ ಮಾತು ಅದರಲ್ಲಿ ಎಲ್ಲೂ ಇಲ್ಲ. ಜೋಡಣೆಯ ಮಾತೇ ಇರುವುದು.

ನಾನು ಇದ್ದದ್ದು ಬೆಂಗಳೂರಿನ ವಿಜಯನಗರದಲ್ಲಿ. ಅತ್ತಿಗುಪ್ಪೆ, ಹಂಪಿನಗರ, ಚಂದ್ರಾ ಲೇಔಟ್ ಸುತ್ತ ಕೋಚಿಂಗ್ ಸೆಂಟರ್, ಪಿಜಿ, ಜೆರಾಕ್ಸ್ ಅಂಗಡಿ ಸಾಲುಸಾಲಾಗಿ ಇವೆ. ಓದಲು ಹಂಪಿನಗರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಬೆಳಿಗ್ಗೆ ಬೇಗ ಹೋದರೆ ಜಾಗ ಸಿಗುತ್ತದೆ, ದುಡ್ಡೂ ಉಳಿಯುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಖಾಸಗಿ ರೀಡಿಂಗ್ ರೂಮ್ ಹಿಡಿದೆ, ತಿಂಗಳಿಗೆ ಸಾವಿರದ ಮೇಲಾಯಿತು. ಮೇನ್ಸ್ ಅರ್ಜಿ ಶುಲ್ಕ 200 ರೂಪಾಯಿ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಒಟ್ಟಿನಲ್ಲಿ ಪರೀಕ್ಷೆಗೆ ದೊಡ್ಡ ಖರ್ಚಿಲ್ಲ. ಖರ್ಚೆಲ್ಲ ಊಟ, ಬಾಡಿಗೆ, ಟೆಸ್ಟ್ ಸೀರೀಸ್ (ಕೋಚಿಂಗ್ ಸೆಂಟರ್‌ನವರು ನಡೆಸುವ ಅಭ್ಯಾಸ ಪರೀಕ್ಷೆಗಳು) ಮತ್ತು ಹಾಳೆಗೆ.

ಟೆಸ್ಟ್ ಸೀರೀಸ್‌ಗೆ ಆರೇಳು ಸಾವಿರ ಕೊಟ್ಟು ಸೇರಿದ್ದೆ. ಕನ್ನಡದಲ್ಲೂ ನೋಡಿಕೊಡುತ್ತೇವೆ ಅಂದಿದ್ದರು. ಇಂಗ್ಲಿಷ್‌ನಲ್ಲಿ ಬರೆದ ಗೆಳತಿಯರ ಪೇಪರ್ ವಾರದಲ್ಲಿ ವಾಪಸ್ ಬರುತ್ತಿತ್ತು. ನನ್ನದು ಬರುತ್ತಿರಲಿಲ್ಲ. ಕೇಳಿದರೆ, ‘ಕನ್ನಡ ಇವ್ಯಾಲ್ಯುಯೇಟರ್ ಊರಲ್ಲಿಲ್ಲ ಮೇಡಂ, ಮುಂದಿನ ವಾರ’ ಅನ್ನುವ ಉತ್ತರ. ಕೊನೆಗೆ ಬಂದಾಗ ಮೊದಲ ಪುಟದಲ್ಲಿ ‘ಗುಡ್ ಅಟೆಂಪ್ಟ್’, ಕೊನೆಯ ಪುಟದಲ್ಲಿ ‘ಸ್ಟ್ರಕ್ಚರ್ ಸುಧಾರಿಸಿ, ಉದಾಹರಣೆ ಸೇರಿಸಿ’. ಮಧ್ಯದಲ್ಲಿ ಬರೀ ಟಿಕ್ ಗುರುತು. ಉದಾಹರಣೆ ಸೇರಿಸಿ ಅಂದರೆ ಎಲ್ಲಿಗೆ? ಯಾವುದನ್ನು? ಆ ಪ್ರಬಂಧದಲ್ಲಿ ಉದಾಹರಣೆಗಳು ಇದ್ದೇ ಇದ್ದವು. ಆ ರಾತ್ರಿ ಊಟ ಸೇರಲಿಲ್ಲ.

ಸೇರುವ ಮುಂಚೆ ಒಂದು ವಿಷಯ ವಿಚಾರಿಸಿಕೊಳ್ಳಿ. ಕನ್ನಡದ ಪೇಪರ್ ಯಾರು ನೋಡುತ್ತಾರೆ, ಎಷ್ಟು ದಿನಕ್ಕೆ ವಾಪಸ್ ಕೊಡುತ್ತಾರೆ ಅಂತ ಬಾಯಿಮಾತಲ್ಲಿ ಅಲ್ಲ, ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಹಿಂದೆ ತಿದ್ದಿದ ಒಂದು ಕನ್ನಡ ಪೇಪರ್ ತೋರಿಸಿ ಅಂತ ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ದುಡ್ಡು ಕಟ್ಟಬೇಡಿ.

ನನಗೆ ಆಸರೆಯಾದವರು ಪಿಜಿ ಆಂಟಿಯ ಸಂಬಂಧಿಕರೊಬ್ಬರು. ನಿವೃತ್ತ ಕನ್ನಡ ಉಪನ್ಯಾಸಕರು, ಚಂದ್ರಾ ಲೇಔಟ್‌ನಲ್ಲಿ ಮನೆ. ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಾರೆ. ಮೊದಲ ದಿನವೇ ಹೇಳಿದರು: ‘ನಿಮ್ಮ ಜಿ.ಎಸ್. (ಸಾಮಾನ್ಯ ಅಧ್ಯಯನ), ಕರೆಂಟ್ ಅಫೇರ್ಸ್ ನನಗೆ ಗೊತ್ತಿಲ್ಲಮ್ಮ. ಓದಿದರೆ ತಲೆಗೆ ಹತ್ತುತ್ತೋ ಇಲ್ಲವೋ, ಅಷ್ಟು ಹೇಳಬಲ್ಲೆ.’ ಫೀಸು ಬೇಡ ಅಂದರು. ಒಂದೇ ಷರತ್ತು, ಸಾಲು ಬಿಟ್ಟು ಸಾಲು ಬರೆದುಕೊಂಡು ಹೋಗಬೇಕು.

ಅವತ್ತು ತೆಗೆದುಕೊಂಡು ಹೋಗಿದ್ದ ಪ್ರಬಂಧದ ಒಂದು ಪ್ಯಾರಾ ಹೀಗಿತ್ತು:

‘ನೀರು ಜೀವಜಲ. ಇಂದಿನ ಆಧುನಿಕ ಯುಗದಲ್ಲಿ ನಗರೀಕರಣದಿಂದಾಗಿ ನೀರಿನ ಸಮಸ್ಯೆ ಉಲ್ಬಣಿಸಿದೆ. ಬೆಂಗಳೂರು, ಚೆನ್ನೈ, ಕೇಪ್‌ಟೌನ್ ಮುಂತಾದ ನಗರಗಳು ಇದಕ್ಕೆ ಉದಾಹರಣೆ. ಅಂತರ್ಜಲ ಕುಸಿಯುತ್ತಿದೆ. ಕೆರೆಗಳು ಒತ್ತುವರಿಯಾಗಿವೆ. ಸರ್ಕಾರ ಮತ್ತು ಸಾರ್ವಜನಿಕರು ಕೈಜೋಡಿಸಬೇಕು. ಮಳೆನೀರು ಕೊಯ್ಲು ಇಂದಿನ ಅಗತ್ಯ.’

ಮೇಷ್ಟ್ರು ಮೂರನೇ ವಾಕ್ಯದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿದರು. ‘ಈಗ ಓದು’ ಅಂದರು. ಓದಿದೆ. ‘ಏನಾದರೂ ಕಳೆದುಹೋಯಿತಾ?’ ಇಲ್ಲ. ಬೆಂಗಳೂರು, ಚೆನ್ನೈ, ಕೇಪ್‌ಟೌನ್ ಮೂರೂ ಹೋದರೂ ಪ್ಯಾರಾ ಹಾಗೇ ನಿಂತಿತ್ತು. ‘ಮುಚ್ಚಿದರೂ ಏನೂ ಆಗಲಿಲ್ಲ ಅಂದರೆ ಅದು ಉದಾಹರಣೆ ಅಲ್ಲಮ್ಮ. ಸುಮ್ನೆ ಊರಿನ ಹೆಸರು.’ ಆಮೇಲೆ ಕೇಳಿದರು, ‘ಈ ಪ್ಯಾರಾದಲ್ಲಿ ಹೇಳೋಕೆ ಹೊರಟಿದ್ದೇನು? ಒಂದೇ ಮಾತಲ್ಲಿ ಹೇಳು.’

ನನಗೆ ತಟ್ಟನೆ ಹೇಳಲು ಆಗಲಿಲ್ಲ. ಅಂತರ್ಜಲ, ಒತ್ತುವರಿ, ಮಳೆಕೊಯ್ಲು ಎಲ್ಲವೂ ಅದರಲ್ಲಿದ್ದವು. ಒಂದೊಂದಕ್ಕೂ ಬೇರೆ ಪ್ಯಾರಾ ಬೇಕಿತ್ತು. ಕೊನೆಗೆ ಒಂದು ಮಾತು ಸಿಕ್ಕಿತು: ನಗರ ಬೆಳೆದಷ್ಟೂ ಅದರ ನೀರು ದೂರವಾಗುತ್ತದೆ. ‘ಹಾಂ, ಇದು ಮಾತು. ಇದನ್ನ ಮೊದಲ ಸಾಲಿಗೆ ತಾ. ಮಿಕ್ಕಿದ್ದೆಲ್ಲ ಇದು ನಿಜ ಅಂತ ತೋರಿಸೋಕೆ ಇರಲಿ. ತೋರಿಸದೇ ಇರೋದನ್ನ ಹೊಡೆದು ಹಾಕು’ ಅಂದರು.

ಆ ಒಂದು ಪ್ಯಾರಾವನ್ನು ಎಷ್ಟು ಸಲ ಬರೆದೆನೋ. ಇದಕ್ಕೆ ತಾರೀಖು ಬೇಕು, ಜಾಗ ಬೇಕು ಅಂತ ಗೊತ್ತಾದ ಮೇಲೆ ಕಬ್ಬನ್ ಪಾರ್ಕ್‌ನ ಕೆಂಪು ಗ್ರಂಥಾಲಯಕ್ಕೆ ಹೋಗಿ ಕೂತು ಹುಡುಕಿದೆ. ಕೊನೆಗೆ ನಿಂತದ್ದು ಇದು:

‘ನಗರ ಬೆಳೆದಷ್ಟೂ ಅದರ ನೀರು ದೂರವಾಗುತ್ತದೆ. ಬೆಂಗಳೂರಿಗೆ ಒಂದು ಕಾಲಕ್ಕೆ ಊರೊಳಗಿನ ಕೆರೆ, ಬಾವಿಗಳೇ ಸಾಕಾಗಿದ್ದವು. 1890ರ ದಶಕದಲ್ಲಿ ಊರಾಚೆಯ ಹೆಸರಘಟ್ಟದಿಂದ ನೀರು ತರಬೇಕಾಯಿತು. ಅದೂ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. 1974ರಲ್ಲಿ ಸುಮಾರು 100 ಕಿ.ಮೀ. ದೂರದ ಕಾವೇರಿಯಿಂದ ನೀರನ್ನು ಪಂಪ್ ಮಾಡಿ ಮೇಲೆತ್ತಿ ತರಲಾಯಿತು. ಇತ್ತ ಊರ ನಡುವಿನ ಧರ್ಮಾಂಬುಧಿ ಕೆರೆ ಇದ್ದ ಜಾಗ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಹತ್ತಿರದ ನೀರು ಕಳೆದುಕೊಂಡ ನಗರ ದೂರದ ನದಿಗೆ ಕೈಚಾಚುತ್ತದೆ. ಆ ನದಿಯನ್ನೇ ನಂಬಿದ ರೈತನ ಜೊತೆ ಅದು ಪಾಲು ಕೇಳಬೇಕಾಗುತ್ತದೆ.’

ಇದರಲ್ಲಿ ಉದಾಹರಣೆ ಮುಚ್ಚಿದರೆ ಉಳಿಯುವುದು ಮೊದಲ ಸಾಲು ಮತ್ತು ಕೊನೆಯ ಎರಡು ಸಾಲು. ಅಷ್ಟನ್ನೇ ಓದಿದವರು ‘ಯಾಕೆ ನಂಬಬೇಕು?’ ಅಂತ ಕೇಳುತ್ತಾರೆ. ಇನ್ನೊಂದು ಲಾಭವೂ ಆಯಿತು. ಮುಂದಿನ ಪ್ಯಾರಾ ಯಾವುದು ಅಂತ ತಲೆ ಕೆರೆದುಕೊಳ್ಳುವ ಕೆಲಸ ತಪ್ಪಿತು. ರೈತನ ಪಾಲು ಅಂತ ಮುಗಿದ ಮೇಲೆ ಹಂಚಿಕೆಯ ವಿಚಾರ ತಾನಾಗಿ ಬರುತ್ತದೆ. ಅಲ್ಲಿ 2018ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪು ಬರೆದೆ. ಕಾವೇರಿಯಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ ಅಂತಲೇ ಇತ್ತು. ‘ಒಕ್ಕೂಟ ಭಾರತದಲ್ಲಿ ರಾಜ್ಯಗಳ ನಡುವಿನ ಜಲವಿವಾದ’ ಅನ್ನುವುದು 2016ರ ಪತ್ರಿಕೆಯಲ್ಲಿ ಬಂದಿದ್ದ ವಿಷಯ. ಅದನ್ನು ಅಭ್ಯಾಸಕ್ಕೆ ಬರೆದಾಗ ಈ ಎರಡು ಪ್ಯಾರಾ ಹಾಗೇ ಕೂತವು.

ಮೇಷ್ಟ್ರ ಇನ್ನೊಂದು ಪರೀಕ್ಷೆ ಇತ್ತು. ಇಡೀ ಪ್ರಬಂಧದ ಪ್ರತಿ ಪ್ಯಾರಾದ ಮೊದಲ ಸಾಲನ್ನು ಮಾತ್ರ ಜೋರಾಗಿ ಓದಿಸುತ್ತಿದ್ದರು. ಅಷ್ಟರಿಂದಲೇ ವಾದ ಮೊದಲಿಂದ ಕೊನೆವರೆಗೆ ಗೊತ್ತಾಗಬೇಕು. ‘ಇದಲ್ಲದೆ’, ‘ಅದೇ ರೀತಿ’, ‘ಮತ್ತೊಂದೆಡೆ’ ಅಂತ ಶುರುವಾದ ಸಾಲು ಬಂದರೆ ಪೆನ್ನಿನಿಂದ ಒಂದು ಚುಕ್ಕಿ ಇಡುತ್ತಿದ್ದರು. ಆ ಪದಗಳು ಕೆಟ್ಟವು ಅಂತಲ್ಲ. ಅವು ಬಂದ ಕಡೆ ಸಾಮಾನ್ಯವಾಗಿ ಹೇಳಲು ಏನೂ ಇರುತ್ತಿರಲಿಲ್ಲ, ಅಷ್ಟೇ. ಕನ್ನಡ ಗೈಡುಗಳಲ್ಲಿ ಪ್ರತಿ ಪ್ಯಾರಾವನ್ನೂ ಒಂದು ವಚನ, ಒಂದು ಸುಭಾಷಿತದಿಂದ ಶುರು ಮಾಡುವ ಅಭ್ಯಾಸ ಇದೆಯಲ್ಲ, ಅದರ ಬಗ್ಗೆಯೂ ನನಗೆ ತಕರಾರಿದೆ. ಉದ್ಧರಣೆ ಚೆನ್ನಾಗಿ ಕೇಳಿಸುತ್ತದೆ, ಆದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ನಡೆದ ಒಂದು ಸಂಗತಿ ಹತ್ತು ಉದ್ಧರಣೆಗಿಂತ ಗಟ್ಟಿ.

ನೀರು, ಕೃಷಿ ಥರದ ವಿಷಯಕ್ಕೆ ಇದೆಲ್ಲ ಸರಿ. ಈಚಿನ ವರ್ಷಗಳ ಪತ್ರಿಕೆಯಲ್ಲಿ ಗಾದೆಮಾತಿನಂಥ ವಿಷಯಗಳೇ ತುಂಬಿಕೊಂಡಿವೆ. 2022ರಲ್ಲಿ ಒಂದು ಬಂದಿತ್ತು: ಬಂದರಿನಲ್ಲಿರುವ ಹಡಗು ಸುರಕ್ಷಿತ, ಆದರೆ ಹಡಗು ಇರುವುದು ಅದಕ್ಕಲ್ಲ. ಅದನ್ನು ಅಭ್ಯಾಸಕ್ಕೆ ಹಿಡಿದಾಗ ಗಾಬರಿಯಾಯಿತು. ಧೈರ್ಯ ಬೇಕು, ಸಾಹಸ ಬೇಕು ಅಂತ ಒಂದು ಪುಟ ಬರೆದ ಮೇಲೆ ಮುಂದೆ ಏನೂ ಹೊಳೆಯಲಿಲ್ಲ. ಇಂಥ ವಿಷಯದಲ್ಲೇ ಉದಾಹರಣೆಯ ಬೆಲೆ ಗೊತ್ತಾಗುವುದು, ಯಾಕಂದ್ರೆ ಹಿಡಿದುಕೊಳ್ಳಲು ಬೇರೆ ಏನೂ ಇರುವುದಿಲ್ಲ.

ನಾನು ಹಿಡಿದದ್ದು ಆರ್ಯಭಟ ಉಪಗ್ರಹವನ್ನು. ಭಾರತದ ಮೊದಲ ಉಪಗ್ರಹ ತಯಾರಾದದ್ದು ನಮ್ಮ ಪೀಣ್ಯದಲ್ಲಿ, ಕೈಗಾರಿಕಾ ಶೆಡ್‌ಗಳಲ್ಲಿ. ಉಡುಪಿ ಕಡೆಯವರಾದ ಯು.ಆರ್. ರಾವ್ ಅದರ ಮುಂದಾಳು. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದಿಂದ ಹಾರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಅಲ್ಲಿಗೆ ಬರೆದು ನಿಲ್ಲಿಸಿದ್ದೆ. ಮೇಷ್ಟ್ರು ಓದಿ, ‘ಅದಕ್ಕೇನೀಗ?’ ಅಂದರು. ಬೇಜಾರಾಯಿತು. ಒಳ್ಳೆಯ ಉದಾಹರಣೆ ಅಲ್ವಾ ಅಂತ ಅನ್ನಿಸಿತು. ಅವರು ಕೇಳಿದ್ದು ಬೇರೆ. ಪ್ರಯೋಗ ನಿಂತಿತು ಅಂತ ಮುಗಿಸಿದರೆ ಓದಿದವರು ಹಡಗು ಬಂದರಿನಲ್ಲೇ ಇದ್ದಿದ್ದರೆ ವಾಸಿಯಿತ್ತು ಅಂದುಕೊಳ್ಳಬಹುದು. ಉದಾಹರಣೆ ನನ್ನ ಮಾತಿಗೇ ತಿರುಗಿಬೀಳುತ್ತಿತ್ತು. ಆಗ ಮೂರು ಸಾಲು ಸೇರಿಸಿದೆ: ಉಪಗ್ರಹ ಕಟ್ಟುವುದು, ಪರೀಕ್ಷಿಸುವುದು, ಭೂಮಿಯಿಂದ ಅದರ ಜೊತೆ ಸಂಪರ್ಕ ಇಟ್ಟುಕೊಳ್ಳುವುದು ಕಲಿತದ್ದು ಆ ಕೆಲಸದಿಂದಲೇ. ನಾಲ್ಕು ವರ್ಷದಲ್ಲಿ, 1979ರಲ್ಲಿ, ಭಾಸ್ಕರ-1 ಹಾರಿತು. ಶೆಡ್‌ನಲ್ಲೇ ಉಳಿದಿದ್ದರೆ ಆರ್ಯಭಟ ಕೆಡುತ್ತಿರಲಿಲ್ಲ, ಆದರೆ ಭಾಸ್ಕರ ಹುಟ್ಟುತ್ತಿರಲಿಲ್ಲ.

ಈ ‘ಅದಕ್ಕೇನೀಗ?’ ಅನ್ನುವ ಪ್ರಶ್ನೆಯನ್ನು ದಯವಿಟ್ಟು ಅಭ್ಯಾಸ ಮಾಡಿಕೊಳ್ಳಿ. ಉದಾಹರಣೆ ಮುಗಿದ ಕೂಡಲೇ ಮನಸ್ಸಿನಲ್ಲಿ ಕೇಳಿಕೊಳ್ಳಿ. ಬರುವ ಉತ್ತರವೇ ಪ್ಯಾರಾದ ಕೊನೆಯ ಸಾಲು. ಬಹಳ ಜನ ಆ ಸಾಲನ್ನು ಓದುವವರ ಊಹೆಗೆ ಬಿಡುತ್ತಾರೆ. ರಾಶಿ ಪೇಪರ್ ಮುಂದಿಟ್ಟುಕೊಂಡು ಕೂತವರಿಗೆ ಊಹಿಸುವ ಪುರುಸೊತ್ತು ಎಲ್ಲಿರುತ್ತದೆ?

ಉದಾಹರಣೆ ಕೂಡಿಹಾಕಲು ಒಂದು 200 ಪುಟದ ನೋಟ್‌ಬುಕ್ ಇಟ್ಟೆ. ಒಂದು ಸಂಗತಿಗೆ ಒಂದು ಪುಟ: ಯಾವಾಗ, ಎಲ್ಲಿ, ಯಾರು, ಏನಾಯಿತು, ಅದರಿಂದ ಏನು ಬದಲಾಯಿತು. ಕೊನೆಯದನ್ನು ತುಂಬಲಾಗದಿದ್ದರೆ ಆ ಪುಟ ಹರಿದುಬಿಡುತ್ತಿದ್ದೆ. 1898ರ ಬೆಂಗಳೂರಿನ ಪ್ಲೇಗ್ ನನಗೆ ತುಂಬಾ ಕೆಲಸಕ್ಕೆ ಬಂತು. ಪೇಟೆಯ ಇಕ್ಕಟ್ಟಿನಲ್ಲಿ ರೋಗ ಹರಡಿ ಜನ ಸತ್ತರು. ಆ ಹೊತ್ತಿನಲ್ಲೇ ಅಗಲ ರಸ್ತೆ, ಗಾಳಿಬೆಳಕಿನ ಮನೆಗಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ರೂಪುಗೊಂಡವು. ಸಂಕಟವೇ ಸುಧಾರಣೆಗೆ ದಾರಿ ಅನ್ನುವ ವಿಷಯಕ್ಕೂ ಇದು ಆಗುತ್ತದೆ, ನಗರಯೋಜನೆಗೂ ಆಗುತ್ತದೆ, ಆರೋಗ್ಯಕ್ಕೂ ಆಗುತ್ತದೆ. ಆದರೆ ಪ್ರತಿ ಸಲವೂ ಕೊನೆಯ ಸಾಲು ಬೇರೆ. ಹಾಗೇ 1983ರಲ್ಲಿ ಶಿರಸಿ ಕಡೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿಯುವವರನ್ನು ತಡೆದ ಅಪ್ಪಿಕೋ ಚಳವಳಿ. ಹೆಸರು ಎಲ್ಲರೂ ಬರೆಯುತ್ತಾರೆ. ಊರು, ವರ್ಷ, ಜನ ಏನು ಮಾಡಿದರು ಅನ್ನುವುದನ್ನು ಎರಡು ಸಾಲಲ್ಲಿ ಬರೆಯುವವರು ಕಡಿಮೆ. ದೂರದ ದೇಶದ ಹತ್ತು ಹೆಸರಿಗಿಂತ ನಮಗೆ ಚೆನ್ನಾಗಿ ಗೊತ್ತಿರುವ ಹತ್ತಿರದ ಒಂದು ಸಂಗತಿಯೇ ಮೇಲು. ಅಂಕಿಅಂಶವನ್ನು ಎರಡು ಕಡೆ ನೋಡದೆ ನೋಟ್‌ಬುಕ್‌ಗೆ ಹಾಕಬೇಡಿ. ಇಸವಿ ಖಾತ್ರಿ ಇಲ್ಲದಿದ್ದರೆ ಇಸವಿ ಬಿಟ್ಟು ಬರೆಯಿರಿ.

ಆಮೇಲೆ ಎದುರಾದದ್ದು ಸಮಯದ ಕಾಟ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ, ಪದ ಉದ್ದವಾಗುತ್ತದೆ. ಇಂಗ್ಲಿಷ್‌ನಲ್ಲಿ ಸಾವಿರ ಪದ ಬರೆದಷ್ಟು ಹೊತ್ತಿನಲ್ಲಿ ನನ್ನ ಕೈಯಲ್ಲಿ ಕನ್ನಡದ ಸಾವಿರ ಪದ ಆಗುತ್ತಿರಲಿಲ್ಲ. ಮೊದಮೊದಲು ಎರಡನೇ ಪ್ರಬಂಧ ಅರ್ಧಕ್ಕೇ ನಿಲ್ಲುತ್ತಿತ್ತು, ಕೈ ಜೋಮು ಹಿಡಿಯುತ್ತಿತ್ತು, ಅಳು ಬರುತ್ತಿತ್ತು. ಮೇಷ್ಟ್ರು ಹೇಳಿದ ಪರಿಹಾರ ಪದ ಎಣಿಸುವುದನ್ನು ಬಿಟ್ಟು ಪ್ಯಾರಾ ಎಣಿಸುವುದು. ಪ್ಯಾರಾಕ್ಕೆ ನೂರು ಪದದ ಆಸುಪಾಸು ಇಟ್ಟುಕೊಂಡರೆ ಪ್ರಬಂಧಕ್ಕೆ ಹತ್ತು ಪ್ಯಾರಾ. ಒಂದೂವರೆ ಗಂಟೆಯಲ್ಲಿ ಮೊದಲ ಹದಿನೈದು ನಿಮಿಷ ಹತ್ತು ಮೊದಲ ಸಾಲು ಮತ್ತು ಅವುಗಳ ಪಕ್ಕ ಒಂದೊಂದು ಉದಾಹರಣೆಯ ಹೆಸರು ಗೀಚಿಕೊಳ್ಳುವುದಕ್ಕೆ. ಉಳಿದದ್ದು ಬರೆಯುವುದಕ್ಕೆ. ಹದಿನೈದು ನಿಮಿಷ ದಂಡ ಅನ್ನಿಸುತ್ತದೆ, ಆದರೆ ಆಮೇಲೆ ಪೆನ್ನು ಎಲ್ಲೂ ನಿಲ್ಲುವುದಿಲ್ಲ.

ಕೋಚಿಂಗ್ ಸೆಂಟರ್‌ನ ಕೊನೆಕೊನೆಯ ಪೇಪರ್‌ಗಳಲ್ಲಿ ಅಂಕ ಏರಿತು. ಪ್ಲೇಗ್‌ನ ಪ್ಯಾರಾ ಪಕ್ಕ ಯಾರೋ ಪುಣ್ಯಾತ್ಮರು ‘ಚೆನ್ನಾಗಿದೆ’ ಅಂತ ಕನ್ನಡದಲ್ಲೇ ಬರೆದಿದ್ದರು. ಅದನ್ನು ಜೆರಾಕ್ಸ್ ಮಾಡಿಸಿ ಅಮ್ಮನಿಗೆ ಕಳಿಸಿದೆ.

ಪರೀಕ್ಷೆಯ ದಿನ. ಪ್ರವೇಶಪತ್ರದ ಪ್ರಿಂಟ್ ಮತ್ತು ಅದರಲ್ಲಿ ನಮೂದಾಗಿರುವ ಅದೇ ಗುರುತಿನ ಚೀಟಿಯ ಮೂಲಪ್ರತಿ ಬೇಕು. ಜೆರಾಕ್ಸ್ ನಡೆಯುವುದಿಲ್ಲ. ಮೊಬೈಲ್ ಬಿಡುವುದಿಲ್ಲ. ಒಂಬತ್ತಕ್ಕೆ ಪರೀಕ್ಷೆ, ಅರ್ಧ ಗಂಟೆ ಮೊದಲೇ ಗೇಟು ಹಾಕುತ್ತಾರೆ. ಬೆಂಗಳೂರಿನ ಟ್ರಾಫಿಕ್ ನಂಬಿ ಹೊರಡಬೇಡಿ. ಮೆಟ್ರೋ ಸಿಗುವಷ್ಟು ದೂರ ಮೆಟ್ರೋದಲ್ಲೇ ಹೋಗಿ. ಹಿಂದಿನ ದಿನವೇ ಕೇಂದ್ರ ನೋಡಿಕೊಂಡು ಬಂದರೆ ರಾತ್ರಿ ನಿದ್ದೆ ಬರುತ್ತದೆ.

ಮುಖ್ಯವಾದ ಮಾತು ಇದು. ಭಾಷಾ ಪತ್ರಿಕೆ, ಭಾಷಾ ಸಾಹಿತ್ಯದ ಪತ್ರಿಕೆ ಬಿಟ್ಟರೆ ಪ್ರಶ್ನೆಪತ್ರಿಕೆ ಇರುವುದು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ. ಕನ್ನಡದಲ್ಲಿ ಬರೆಯುವವರು ವಿಷಯವನ್ನು ತಾವೇ ಕನ್ನಡಕ್ಕೆ ತಂದುಕೊಳ್ಳಬೇಕು. ಅಲ್ಲಿ ಕೂತು ಒದ್ದಾಡುವ ಬದಲು ಹಳೆಯ ಪ್ರಶ್ನೆಪತ್ರಿಕೆಗಳನ್ನು ಆಯೋಗದ ಜಾಲತಾಣದಿಂದ ಇಳಿಸಿಕೊಂಡು ದಿನಕ್ಕೊಂದು ವಿಷಯವನ್ನು ಕನ್ನಡದಲ್ಲಿ ಬರೆದು ರೂಢಿ ಮಾಡಿಕೊಳ್ಳಿ. ತಾಂತ್ರಿಕ ಪದಗಳಿಗೆ ಮಾತ್ರ ಪಕ್ಕದಲ್ಲಿ ಇಂಗ್ಲಿಷ್ ರೂಪ ಕೊಡಲು ಅವಕಾಶವಿದೆ. ಇಡೀ ವಾಕ್ಯ ಬೇರೆ ಭಾಷೆಯಲ್ಲಿ ಬರೆಯುವ ಹಾಗಿಲ್ಲ.

ಪತ್ರಿಕೆ ಕೈಗೆ ಬಂದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಎರಡು ಸಲ ಓದಿದೆ. ಯಾವ ವಿಷಯ ಸುಲಭ ಅಂತ ನೋಡಲಿಲ್ಲ, ಯಾವುದಕ್ಕೆ ನನ್ನ ನೋಟ್‌ಬುಕ್‌ನಲ್ಲಿ ಸಂಗತಿ ಜಾಸ್ತಿ ಇದೆ ಅಂತ ನೋಡಿದೆ. ಮೊದಲ ಸಾಲುಗಳನ್ನು ಗೀಚಿಕೊಂಡೆ. ಮೊದಲ ಪ್ರಬಂಧದಲ್ಲಿ ಒಂದು ಪ್ಯಾರಾ ನಡುವೆ ಎರಡನೇ ವಿಚಾರ ನುಸುಳಲು ನೋಡಿತು. ಬಿಡದೆ ಅದಕ್ಕೆ ಹೊಸ ಪ್ಯಾರಾ ಕೊಟ್ಟೆ. ಎರಡನೆಯದರಲ್ಲಿ ಒಂದು ಇಸವಿ ನೆನಪಾಗಲಿಲ್ಲ, ‘ಸ್ವಾತಂತ್ರ್ಯ ಬಂದ ಹೊಸದರಲ್ಲಿ’ ಅಂತ ಬರೆದು ಮುಂದೆ ಹೋದೆ. ಗಂಟೆ ಹೊಡೆಯುವ ಮೊದಲು ಎರಡೂ ಮುಗಿದಿದ್ದವು. ಹೊರಗೆ ಬಂದು ಕಬ್ಬಿನಹಾಲು ಕುಡಿದೆ. ಬೆರಳೆಲ್ಲ ನಡುಗುತ್ತಿತ್ತು.

ಅದಾದ ಮೇಲೆ ಜಿ.ಎಸ್. ಪತ್ರಿಕೆಗಳು. ಅಲ್ಲಿ ಉತ್ತರಗಳು 150, 250 ಪದದವು, ಆದರೂ ಈ ಅಭ್ಯಾಸವೇ ಕೈ ಹಿಡಿಯಿತು. ಆಮೇಲೆ ಕನ್ನಡ ಭಾಷಾ ಪತ್ರಿಕೆ. ಇದನ್ನು ಬಹಳ ಮಂದಿ ಹಗುರವಾಗಿ ನೋಡುತ್ತಾರೆ. 300 ಅಂಕದ ಪತ್ರಿಕೆ, 25 ಶೇಕಡಾ ಬರದಿದ್ದರೆ ಉಳಿದ ಪತ್ರಿಕೆಗಳ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಇದರಲ್ಲಿ 100 ಅಂಕದ ಪ್ರಬಂಧ ಇದೆ, 60 ಅಂಕಕ್ಕೆ ಸಾರಾಂಶ ಬರೆಯುವುದಿದೆ. ಕೊಟ್ಟ ಗದ್ಯವನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು. ಶಾಲೆಯಲ್ಲಿ ನನಗೆ ಇದು ಕಷ್ಟವಾಗುತ್ತಿತ್ತು. ಈ ಸಲ ಪ್ರತಿ ಪ್ಯಾರಾದಲ್ಲಿ ‘ಒಂದೇ ಮಾತು’ ಯಾವುದು ಅಂತ ಹುಡುಕಿ ಅಡಿಗೆರೆ ಹಾಕಿದೆ, ಉದಾಹರಣೆಗಳನ್ನು ಬಿಟ್ಟೆ, ಉಳಿದದ್ದನ್ನು ಜೋಡಿಸಿದೆ. ಸಮಯ ಉಳಿಯಿತು. ಸಾರಾಂಶಕ್ಕೆ ಬೇರೆ ಪುಸ್ತಕ ಕೊಳ್ಳುವವರಿದ್ದರೆ ಸ್ವಲ್ಪ ತಡೆಯಿರಿ. ದಿನಪತ್ರಿಕೆಯ ಸಂಪಾದಕೀಯ ತೆಗೆದುಕೊಂಡು ಹೀಗೆ ಗೆರೆ ಹಾಕಿ ನೋಡಿ. ಯಾವ ಪ್ಯಾರಾದಲ್ಲಿ ಗೆರೆ ಹಾಕಲು ಒಂದು ಸಾಲೂ ಸಿಗುವುದಿಲ್ಲವೋ ಅದನ್ನು ನೀವೇ ತಿದ್ದಿ ಬರೆಯಿರಿ. ಎರಡೂ ಪತ್ರಿಕೆಗೆ ಅದೇ ಅಭ್ಯಾಸವಾಗುತ್ತದೆ.